ಕಾಕಾನ ಚಹಾ

ಹೋದ ತಿಂಗಳು ನಮ್ಮ ಬಳಗದ ಸಭೆಯಲ್ಲಿ ಒಂದು ನಾಟಕ ಓದುತ್ತಿದ್ದೆವು. ಅದರಲ್ಲಿಯ ಒಬ್ಬಾತ ಒಮ್ಮೆ ಹೀಗೆ, ಒಮ್ಮೆ ಹಾಗೆ ಮಾತಾಡುತ್ತಾನೆ. "ಇಂವಗ ಸ್ಕಿಜೋಫ್ರೀನಿಯಾ ಆಗ್ಯದ, ಒಂದ ಮೈಯಾಗ ಎರಡು ಮಂದಿ ಇದ್ದಾರ" ಎಂದು ಒಬ್ಬ ಗೆಳೆಯ ಅಂದ. "ಹಂಗಾದ್ರ ಧಾರವಾಡಕ್ಕ ಕಳಿಸ್ರಿ" ಎಂದು ಇನ್ನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸೈಕಲ್ ತುಳಿಯುತ್ತ ಸಾತ್ ರಸ್ತಾ ದಾಟುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ರೋಗದ ಮನುಷ್ಯನ ಸಂಗಡ ಒಂದೇ ಖೋಲಿಯಲ್ಲಿ ಇಷ್ಟು ವರ್ಷ ಮಲಗಿ ಎದ್ದವನು ನಾನು. ಅದು ಒಂದು ಮೈಯಲ್ಲಿ ಇಬ್ಬರಿರುವ ರೋಗ ಅಲ್ಲ ಎಂದು ಆ ಹೊತ್ತಿಗೆ ಹೇಳಬಹುದಿತ್ತು. ಹೇಳಲಿಲ್ಲ. ಸಂಪಾದಕರು ಎರಡು ಸಂಚಿಕೆಯಿಂದ ಲೇಖನಕ್ಕಾಗಿ ಗಂಟು ಬಿದ್ದಿದ್ದಾರೆ, ಅದಕ್ಕೆ ಈಗ ಬರೆಯುತ್ತಿದ್ದೇನೆ.

ಬರೆಯುವ ಮೊದಲು ಕಾಕಾನನ್ನು ಕೇಳಿದೆ. ಅವನು ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಬರಿ. ಖರೇ ಆದದ್ದು ಬರಿ. ನನ್ನ ಹೆಸರು ಹಾಕಬ್ಯಾಡ. ಮತ್ತ ನನಗ ಜಡ್ಡು ಅದ ಅಂತ ಬರೀಬ್ಯಾಡ. ನೀವು ಹಂಗ ಅಂತೀರಿ ಅಂತ ಬರಿ" ಎಂದ. ಆದ್ದರಿಂದ ಕೆಳಗೆ ನಾನು ರೋಗ ಎಂದು ಬರೆದಲ್ಲೆಲ್ಲ ಓದುಗರು 'ಇವರು ಹಾಗೆ ಅನ್ನುತ್ತಾರೆ' ಎಂದು ಸೇರಿಸಿಕೊಂಡು ಓದಬೇಕು. ಪ್ರತಿ ಸಲ ಬರೆಯಲು ಹೋದರೆ ಹಾಳೆ ಸಾಲುವುದಿಲ್ಲ.

ನಮ್ಮದು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಹೊಲ ಕಡಿಮೆ, ಮಳೆ ಅದಕ್ಕಿಂತ ಕಡಿಮೆ. ಅಪ್ಪ ಸೊಲ್ಲಾಪುರಕ್ಕೆ ಬಂದು ಟಾವೆಲ್ ನೇಯುವ ಪವರ್‌ಲೂಮಿನಲ್ಲಿ ಕೆಲಸಕ್ಕೆ ನಿಂತ. ಕಾಕಾ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಹನ್ನೆರಡನೆಯ ಇಯತ್ತೆ ಮುಗಿಸಿ ಮಾರ್ಕೆಟ್ ಯಾರ್ಡಿನ ಒಂದು ಅಡತಿ ಅಂಗಡಿಯಲ್ಲಿ ದಿವಾಣಜಿ ಆದ. ಸೊಲ್ಲಾಪುರದ ಉಳ್ಳಾಗಡ್ಡಿ ಬಜಾರು ಗೊತ್ತಿದ್ದವರಿಗೆ ಗೊತ್ತು. ಡಿಸೆಂಬರ್-ಜನವರಿಯಲ್ಲಿ ಗಾಡಿಗಳ ಸಾಲು ರಸ್ತೆಯವರೆಗೆ ಬಂದು ನಿಂತಿರುತ್ತದೆ. ಒಬ್ಬೊಬ್ಬ ರೈತನ ಮಾಲಿನ ತೂಕ, ದರ, ಹಮಾಲಿ, ತೊಲಾಯಿ, ಗಾಡಿ ಬಾಡಿಗೆ ಎಲ್ಲ ಕಳೆದು ಪಟ್ಟಿ ಮಾಡಿ ಕೈಗೆ ಕೊಡಬೇಕು, ರೈತ ಎದುರಿಗೇ ನಿಂತಿರುತ್ತಾನೆ. ಅಂಗಡಿಗೆ ಕಂಪ್ಯೂಟರ್ ಬಂದ ಮೇಲೂ ಸಾವಕಾರರು ಕೀರ್ದಿಯನ್ನು ಕಾಕಾನ ಕೈಯಿಂದಲೇ ಬರೆಸುತ್ತಿದ್ದರು. ಅಂಥ ಅಕ್ಷರ ಅವನದು. ಅಂಕಿಗಳು ಸಾಲಿಗೆ ಕೂತ ಹಕ್ಕಿಯ ಹಾಗೆ.

ನನ್ನನ್ನು ಕನ್ನಡ ಶಾಲೆಗೆ ಹಾಕಿಸಿದವನೂ ಅವನೇ. ಅಪ್ಪನಿಗೆ ಮರಾಠಿ ಶಾಲೆ ಮನಸ್ಸಿನಲ್ಲಿತ್ತು. "ಮನಿ ಮಾತು ಮೊದಲ ಕಲೀಲಿ, ಪ್ಯಾಟಿ ಮಾತು ತಾನ ಬರ್ತದ" ಎಂದು ಕಾಕಾ ತನ್ನ ಸೈಕಲ್ಲಿನ ಮೇಲೆ ನನ್ನನ್ನು ಒಯ್ದು ಕೂಡಿಸಿ ಬಂದ. ರಾತ್ರಿ ಊಟವಾದ ಮೇಲೆ ಹಳೆಯ ವಹಿ ತೆಗೆದು ನನಗೆ ಹಿಶೋಬ ಕಲಿಸುತ್ತಿದ್ದ: ಜಮಾ ಎಡಕ್ಕ, ನಾವೆ ಬಲಕ್ಕ. ಮುಂದೆ ಕಾಲೇಜಿನಲ್ಲಿ ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ ಎಂದಾಗ ಒಂದು ವಾರ ನನ್ನ ತಲೆ ತಿರುಗುತ್ತಿತ್ತು. ಇರಲಿ.

ಶುರುವಾದದ್ದು ಯಾವಾಗ ಎಂದು ಡಾಕ್ಟರರು ಕೇಳುತ್ತಾರೆ. ಅಪ್ಪ ಒಂದು ತಾರೀಖು ಹೇಳುತ್ತಾನೆ, ಅವ್ವ ಬೇರೊಂದು. ನನಗೆ ನೆನಪಿರುವುದು 2018ರ ದೀಪಾವಳಿ. ನಾನು ಎಂಟನೆಯ ಇಯತ್ತೆ. ಅಂಗಡಿಯ ವಹಿಪೂಜೆಗೆ ಕಾಕಾನ ಸಂಗಡ ಹೋಗಿದ್ದೆ. ಹೊಸ ವಹಿಯ ಮೊದಲ ಪುಟದಲ್ಲಿ ಶ್ರೀಕಾರ ಬರೆಯುವುದು ಪ್ರತಿ ವರ್ಷ ಅವನದೇ ಮಾನ. ಆ ವರ್ಷ ಲೇಖನಿ ಹಿಡಿದು ಕೂತವನು ಕೂತೇ ಬಿಟ್ಟ. ಸಾವಕಾರರು ಎರಡು ಸಲ ಕರೆದರು. ಕಾಕಾ ವಹಿ ಮುಚ್ಚಿ, "ಇದರಾಗ ಮೊದಲ ಬರದಾರ" ಎಂದ. ಪುಟ ಬಿಳಿ ಇತ್ತು, ನಾನೇ ನೋಡಿದೆ.

ಆಮೇಲೆ ಒಂದೊಂದೇ ತಿಳಿಯಿತು. ನಿದ್ದೆ ಹೋಗಿ ಎರಡು ತಿಂಗಳಾಗಿತ್ತು. ಪಟ್ಟಿಯ ಅಂಕಿಗಳು ಅವನ ಬಗ್ಗೆ ಏನೋ ಹೇಳುತ್ತಿದ್ದವು. ಅಂಗಡಿಯ ಇಬ್ಬರು ಹಮಾಲರು ಮನೆಗೆ ಬಂದ ಮೇಲೂ ಗೋಡೆಯ ಆ ಕಡೆಯಿಂದ ಅವನ ವಿಷಯವನ್ನೇ ಮಾತಾಡುತ್ತಿದ್ದರು: ಈಗ ಎದ್ದ, ಈಗ ನೀರು ಕುಡಿದ, ಈಗ ನಮ್ಮ ಮಾತು ಕೇಳಾಕತ್ತಾನ. ಗೋಡೆಯ ಆ ಕಡೆ ಇರುವುದು ನಮ್ಮ ನೆರೆಮನೆಯ ಮುದುಕಿ ಒಬ್ಬಳೇ. ಅನ್ನದಲ್ಲಿ ಏನೋ ಹಾಕುತ್ತಾರೆ ಎಂಬ ಮಾತು ಆಗಲೇ ಬಂತು. ಆಯಿ ಬಡಿಸಿದರೆ ತಾಟು ತಿರುಗಿಸಿ ಅಪ್ಪನದನ್ನು ತಾನು ತೆಗೆದುಕೊಳ್ಳುತ್ತಿದ್ದ.

ಮನೆಯವರು ಮೊದಲು ಎಲ್ಲಿಗೆ ಹೋದರು ಎಂದು ಹೇಳಬೇಕಾಗಿಯೇ ಇಲ್ಲ. ನಮ್ಮ ಕಡೆಯವರು ಇಂಥದಕ್ಕೆ ಗಾಣಗಾಪುರಕ್ಕೆ ಹೋಗುತ್ತಾರೆ. ಆಯಿ, ಅಪ್ಪ, ಕಾಕಾ, ನಾನು ರೈಲು ಇಳಿದು, ಭೀಮಾ-ಅಮರಜಾ ಸಂಗಮದಲ್ಲಿ ಸ್ನಾನ ಮಾಡಿ, ಮಧ್ಯಾಹ್ನ ಮಠದಲ್ಲಿ ಆರತಿಗೆ ನಿಂತೆವು. ಆರತಿ ಶುರುವಾದ ಕೂಡಲೇ ಮೈಮೇಲೆ ಬಂದವರು ಕೂಗುವುದು, ಕಂಬ ಹತ್ತುವುದು, ತಲೆ ಕೆದರಿಕೊಂಡು ತಿರುಗುವುದು, ನೋಡಿದವರು ಮರೆಯುವುದಿಲ್ಲ. ನನಗೆ ಹೆದರಿಕೆಯಾಗಿ ಕಾಕಾನ ಕೈ ಹಿಡಿದೆ. ಅವನು ಕಂಬ ಹತ್ತಿದ ಒಬ್ಬ ಹೆಣ್ಣುಮಗಳನ್ನು ಬಹಳ ಹೊತ್ತು ನೋಡಿ, ಅಪ್ಪನ ಕಿವಿಯಲ್ಲಿ, "ಅಣ್ಣಾ, ಪಾಪ, ಇಕಿಗಿ ಜಡ್ಡು ಅದ. ಇಲ್ಲಿ ಯಾಕ ತಂದಾರ? ದವಾಖಾನಿಗಿ ಒಯ್ಯಬೇಕಿತ್ತು" ಎಂದ. ಅಪ್ಪ ನಗಲೂ ಇಲ್ಲ, ಅಳಲೂ ಇಲ್ಲ. ಆದರೆ ಊರಿಗೆ ಬಂದ ಮೇಲೆ ದವಾಖಾನೆಗೆ ಹೋಗುವುದೆಂದು ನಿರ್ಧಾರ ಮಾಡಿದ್ದು ಆ ಮಾತಿನಿಂದಲೇ.

ದವಾಖಾನೆಯಲ್ಲಿ ಅರ್ಧ ಗಂಟೆ ಮಾತಾಡಿಸಿ ಹೆಸರು ಹೇಳಿದರು. ಆ ಹೆಸರಿನ ಕಥೆಯನ್ನು ನಾನು ಆಮೇಲೆ ಓದಿಕೊಂಡೆ. 1908ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಯೂಜಿನ್ ಬ್ಲಾಯ್ಲರ್ ಈ ಶಬ್ದ ಕಟ್ಟಿದ. ಗ್ರೀಕಿನಲ್ಲಿ ಸೀಳು ಮತ್ತು ಮನಸ್ಸು ಎಂಬ ಎರಡು ಮಾತು ಕೂಡಿಸಿದ್ದು. ಅವನು ಹೇಳಿದ್ದು ವಿಚಾರ, ಭಾವನೆ, ನಡೆ ಇವುಗಳ ನಡುವಿನ ಹೊಲಿಗೆ ಬಿಚ್ಚುವುದನ್ನು. ಜನರು ತಿಳಿದದ್ದು ಒಬ್ಬನೊಳಗೆ ಇಬ್ಬರು ಎಂದು. ಇಂಗ್ಲಿಷಿನವರೇ ತಪ್ಪು ತಿಳಿದ ಮೇಲೆ ನಮ್ಮವರದೇನು? ನಮ್ಮ ನೆಂಟರು ಬಂದವರೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ: "ಆಪ್ತಮಿತ್ರದಾಗ ನಾಗವಲ್ಲಿ ಆಗ್ತಾಳಲ್ಲ, ಹಂಗೇನು?" 2004ರ ಆ ಸಿನೆಮಾ ಇಂದಿಗೂ ನಮ್ಮ ಮನೋವೈದ್ಯಕೀಯದ ಪಠ್ಯಪುಸ್ತಕ.

ಗುಳಿಗಿ ಶುರುವಾದ ಐದಾರು ವಾರಗಳಲ್ಲಿ ಗೋಡೆಯ ಆ ಕಡೆಯ ಮಾತು ಸಣ್ಣದಾಯಿತು. ಕಾಕಾ ರಾತ್ರಿ ಮಲಗಿದ. ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಆದರೆ ನಾವು ಯಾರೂ ನೋಡದ ಇನ್ನೊಂದಿತ್ತು. ಮೈ ಬಿಗಿಯಾಯಿತು, ಬಾಯಲ್ಲಿ ಜೊಲ್ಲು ಕೂಡುತ್ತಿತ್ತು, ನಡೆಯುವಾಗ ಕೈ ಬೀಸುತ್ತಿರಲಿಲ್ಲ. ಮತ್ತು ಬಲಗೈ ನಡುಗುತ್ತಿತ್ತು. ಡಾಕ್ಟರರಿಗೆ ಅದು ಔಷಧದ ಗೊತ್ತಿದ್ದ ಉಪದ್ರವ, ಅದಕ್ಕೆ ಇನ್ನೊಂದು ಗುಳಿಗಿ ಬರೆದರು. ಕಾಕಾನಿಗೆ ಅದು ಅನ್ನ. ಒಂದು ದಿನ ಅಂಗಡಿಯಿಂದ ಬಂದು ಕೀರ್ದಿಯ ಹರಿದ ಹಾಳೆಯನ್ನು ನನ್ನ ಮುಂದೆ ಹಿಡಿದ. ಅಂಕಿಗಳು ಸೊಟ್ಟಗಾಗಿ ಒಂದರ ಮೇಲೊಂದು ಬಿದ್ದಿದ್ದವು. "ಏಳು ಬರದ್ರ ಒಂದು ಆಗ್ತದ. ರೈತನ ಪಟ್ಟಿ ಮ್ಯಾಲ ಏಳು ಒಂದಾದ್ರ ಏನಾಗ್ತದ, ಹೇಳು" ಎಂದ. ಮರುದಿನದಿಂದ ಗುಳಿಗಿ ನುಂಗುವುದನ್ನು ಬಿಟ್ಟ. ನಮಗೆ ಮೂರು ತಿಂಗಳ ಮೇಲೆ ಗೊತ್ತಾಯಿತು, ತುಳಸಿಕಟ್ಟೆಯ ಮಣ್ಣಿನಲ್ಲಿ ಬಿಳಿ ಬಿಳಿ ಕಂಡಾಗ.

ಇಲ್ಲಿ ಒಂದು ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆಮನೆಯ ಜಗಳ ಇದರಿಂದಲೇ ಹುಟ್ಟುತ್ತದೆ. ಈ ಗುಳಿಗಿ ಬಿಟ್ಟ ಮರುದಿನವೇ ರೋಗ ತಿರುಗಿ ಬರುವುದಿಲ್ಲ. ಮೊದಲು ಬರುವುದು ಸುಖ. ಮೈ ಹಗುರಾಗುತ್ತದೆ, ಕೈ ನಿಲ್ಲುತ್ತದೆ, ಅಕ್ಷರ ಮೊದಲಿನಂತೆ ಆಗುತ್ತದೆ. ರೋಗ ಬರಲು ವಾರಗಳು ಬೇಕು, ಒಮ್ಮೊಮ್ಮೆ ತಿಂಗಳುಗಳು. ಅಷ್ಟರಲ್ಲಿ ಗುಳಿಗಿ ಬಿಟ್ಟದ್ದಕ್ಕೂ ಇದಕ್ಕೂ ಇರುವ ಸಂಬಂಧ ಅವನ ಲೆಕ್ಕದಿಂದ ಹೋಗಿಬಿಟ್ಟಿರುತ್ತದೆ. ಕಾಕಾ ದಡ್ಡನಲ್ಲ, ತನಗೆ ಕಂಡದ್ದನ್ನು ಕೂಡಿಸಿ ಕಳೆದು ನೋಡಿದರೆ ಅವನ ಉತ್ತರ ಸರಿಯೇ ಬರುತ್ತದೆ: ಗುಳಿಗಿಯಿಂದ ಕೇಡು, ಬಿಟ್ಟರೆ ಚಲೋ. ಇದರ ಮೇಲೆ ಇನ್ನೊಂದು. ಪಾರ್ಶ್ವವಾಯು ಬಡಿದ ಕೆಲವರು, ಒಂದು ಕಡೆಯ ಕೈಕಾಲು ಬಿದ್ದುಹೋಗಿದ್ದರೂ ತಮಗೆ ಏನೂ ಆಗಿಲ್ಲವೆಂದೇ ನಂಬಿರುತ್ತಾರಂತೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. 1914ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಬಬಿನ್‌ಸ್ಕಿ ಇದಕ್ಕೆ ಅನೊಸೊಗ್ನೋಸಿಯಾ ಎಂದು ಹೆಸರಿಟ್ಟ. ಸ್ಕಿಜೋಫ್ರೀನಿಯಾದ ಬಹಳ ಮಂದಿಯಲ್ಲಿಯೂ ಇಂಥದೇ ಇರುತ್ತದೆ ಎಂದು ಈಗಿನ ಡಾಕ್ಟರರು ಹೇಳುತ್ತಾರೆ. ನಾವು ಇದನ್ನು ಹಟ ಎಂದು ತಿಳಿದೆವು. ಹಟಕ್ಕೆ ಹಟ ಹೂಡಿದೆವು. ಅಪ್ಪ ಗದರಿದ, ಆಯಿ ಆಣೆ ಹಾಕಿದಳು, ಅವ್ವ ಕೈ ಮುಗಿದಳು. ಒಂದು ಸಲ ಅಪ್ಪ ಮತ್ತು ಸೋದರಮಾವ ಹಿಡಿದು ಬಾಯಿ ತೆರೆಸಿದರು. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಕಾಕಾ ನನ್ನ ಕಡೆ ನೋಡಿದ ನೋಟ...

ಬಿಡಿ.

2020ರಲ್ಲಿ ಲಾಕ್‌ಡೌನ್ ಬಂತು. ಓಣಿಯ ಜನರೆಲ್ಲ ಮೂಗು-ಬಾಯಿ ಕಟ್ಟಿಕೊಂಡು, ತಂದ ಕಾಯಿಪಲ್ಲೆ ಸೋಡಾದಲ್ಲಿ ತೊಳೆದು, ಯಾರ ಕೈಯಿಂದಲೂ ಏನೂ ಮುಟ್ಟದೆ ದೂರ ದೂರ ನಿಂತರು. ಕಾಕಾ ಕಟ್ಟೆಯ ಮೇಲೆ ಕೂತು ಒಂದು ವಾರ ನೋಡಿದ. ಆಮೇಲೆ ಅವ್ವನಿಗೆ, "ವೈನಿ, ನೋಡ್ರಿ, ಈಗ ಎಲ್ಲಾರೂ ನನ್ನಂಗ ಆದ್ರು. ಇವರಿಗಿ ಯಾರು ಗುಳಿಗಿ ಕೊಡ್ತಾರ?" ಎಂದ. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಕೂಡಿ ನಕ್ಕದ್ದು ಅದೊಂದೇ ಸಲ.

2021ರಲ್ಲಿ ಮತ್ತೆ ಜೋರಾಯಿತು. ಅಂಗಡಿ ಹೋಯಿತು. ಸಾವಕಾರರು ಒಳ್ಳೆಯವರೇ, ಮೂರು ವರ್ಷ ಕಾದರು. ಒಬ್ಬ ನೆಂಟರು ಒಂದು ಜಾಗ ಹೇಳಿದರು. ಅಲ್ಲಿ ಇಂಥವರನ್ನು ಇಟ್ಟುಕೊಳ್ಳುತ್ತಾರೆ, ಓಡಿ ಹೋಗದಂತೆ ಕಟ್ಟಿ ಹಾಕುತ್ತಾರೆ ಎಂದು. ಅಪ್ಪ ಅವರನ್ನು ಚಹಾ ಕೊಡದೇ ಕಳಿಸಿದ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಇಂಥ ಒಂದು ಜಾಗಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ ಇಪ್ಪತ್ತೆಂಟು ಮಂದಿ ಸತ್ತದ್ದನ್ನು ಅಪ್ಪ ಆಗ ಪೇಪರಿನಲ್ಲಿ ಓದಿದ್ದನಂತೆ. ಅವನು ಓದಿ ನೆನಪಿಟ್ಟುಕೊಂಡ ಸುದ್ದಿ ಬಹಳ ಇಲ್ಲ. ಇದು ಒಂದು.

ಆ ದಿನಗಳಲ್ಲೇ ಅವ್ವ ಟಿವಿಯಲ್ಲಿ ಶರಪಂಜರ ನೋಡಿದಳು. ತ್ರಿವೇಣಿಯವರ ಕಾದಂಬರಿ ನಮ್ಮಲ್ಲಿ ಬಹಳ ಮಂದಿ ಓದಿರುತ್ತೀರಿ. ಕಾವೇರಿ ಗುಣವಾಗಿ ಮನೆಗೆ ಬಂದರೂ ಮನೆಯವರ ಕಣ್ಣು ಗುಣವಾಗಿರುವುದಿಲ್ಲ. ಆ ಕಣ್ಣೇ ಅವಳನ್ನು ಮತ್ತೆ ಆಸ್ಪತ್ರೆಗೆ ನೂಕುತ್ತದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾವು ಹಂಗ ನೋಡಬಾರದವ್ವ" ಎಂದಳು. ಎದ್ದು ಒಳಗೆ ಹೋಗಿ ಈಳಿಗೆಯನ್ನು ಅಟ್ಟದ ಮೇಲೆ ಇಟ್ಟಳು, ದಿನಾ ಇಟ್ಟ ಹಾಗೆ. ಕಾಕಾ ಇಷ್ಟು ವರ್ಷದಲ್ಲಿ ಒಂದು ಇರುವೆಗೂ ಕೈ ಎತ್ತಿದವನಲ್ಲ.

ಈಗ ಚಹಾದ ವಿಷಯ. ಇಷ್ಟೆಲ್ಲ ಬರೆದದ್ದು ಇದನ್ನು ಹೇಳುವುದಕ್ಕೇ.

2022ರ ಜೂನ್. ಪರಿಚಯದವರೊಬ್ಬರು ಹೇಳಿದರೆಂದು ಅಪ್ಪ ಬೇರೊಬ್ಬ ಡಾಕ್ಟರರ ಕಡೆ ಹೋದ. ಅವರು ಕಾಕಾನನ್ನು ನೋಡದೆಯೇ ಅಪ್ಪ ಹೇಳಿದ್ದನ್ನು ಕೇಳಿ ಒಂದು ಬಾಟಲಿ ಬರೆದುಕೊಟ್ಟರು. ಅದೇ ಔಷಧ, ನೀರಿನ ರೂಪದಲ್ಲಿ. ಬಣ್ಣ ಇಲ್ಲ, ವಾಸನೆ ಇಲ್ಲ. ಇಂಥದನ್ನು ಊಟ-ಚಹಾದಲ್ಲಿ ಕದ್ದು ಹಾಕುವ ಮನೆಗಳು ನಮ್ಮ ದೇಶದಲ್ಲಿ ಬಹಳ ಇವೆ ಎಂದು ಆಮೇಲೆ ತಿಳಿಯಿತು. ಆಗ ನಮ್ಮದೊಂದೇ ಮನೆ ಈ ಪಾಪ ಮಾಡುತ್ತಿದೆ ಎಂದುಕೊಂಡಿದ್ದೆ. ಯಾರು ಹಾಕುವುದು? ಅವ್ವನ ಕೈಯಿಂದ, ಆಯಿಯ ಕೈಯಿಂದ ಅವನು ತೆಗೆದುಕೊಳ್ಳುತ್ತಿರಲಿಲ್ಲ. ಅಪ್ಪನ ಕೈಯಂತೂ ಆ ಬಾಯಿ ತೆರೆಸಿದ ದಿನವೇ ಮುಗಿದಿತ್ತು. ಒಂದೇ ಕೈ ಉಳಿದಿತ್ತು. ನಾನು ಕೊಟ್ಟ ಚಹಾವನ್ನು ಕಾಕಾ ನೋಡದೆ ಕುಡಿಯುತ್ತಿದ್ದ.

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಹದಿನೇಳು. ದೊಡ್ಡವರು ನಂಬಿ ಕೊಟ್ಟ ಕೆಲಸ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು ಎನ್ನಬೇಕು. ಖರೇ ಆದದ್ದು ಬರಿ ಎಂದಿದ್ದಾನೆ. ಮುಂಜಾನೆ ಒಂದು ಸಲ, ಸಂಜೆ ಒಂದು ಸಲ. ಬಾಟಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ. ಅಳತೆಯ ಕೊಳವೆಯಲ್ಲಿ ತೆಗೆದು, ಕಪ್ಪಿನಲ್ಲಿ ಬಿಟ್ಟು, ಮೇಲೆ ಚಹಾ ಸೋಸಿ, ಬಸಿಯ ಮೇಲೆ ಇಟ್ಟು ಒಯ್ಯುವುದು. ಕಾಕಾ ಬಸಿಗೆ ಹೊಯ್ದುಕೊಂಡು ಕುಡಿಯುವಾಗ ಎದುರಿಗೆ ಕೂತು ಕಾಲೇಜಿನ ಮಾತು ಆಡುವುದು. ಮೊದಲ ದಿನ ಕೈ ನಡುಗಿತು. ಎರಡನೆಯ ವಾರದಿಂದ ನಡುಗಲಿಲ್ಲ.

ಮತ್ತು ಅವನು ಸುಧಾರಿಸಿದ! ಇದನ್ನು ಮುಚ್ಚಿಡುವುದಿಲ್ಲ. ರಾತ್ರಿ ಮಲಗಿದ, ಗಡ್ಡ ಮಾಡಿಸಿಕೊಂಡ, 2023ರ ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜ ನೋಡಲು ನಮ್ಮ ಸಂಗಡ ಬಂದ. ಅಂಗಡಿಗೆ ಹೋಗಿ ಸಾವಕಾರರನ್ನು ಮಾತಾಡಿಸಿ ಬಂದ. ಮನೆಯಲ್ಲಿ ಈಳಿಗೆ ಕೆಳಗೆ ಇಳಿಯಿತು. ಆದರೆ ಕಾಕಾ ಅಪ್ಪನಿಗೆ ಅಂದದ್ದು ಏನು? "ಅಣ್ಣಾ, ನೋಡಿದಿಯಿಲ್ಲೊ? ಗುಳಿಗಿ ಇಲ್ಲದನ ಆರಾಮ ಆದೆ. ನಿಮ್ಮ ಡಾಕ್ಟರು ಸುಳ್ಳ, ನೀವೂ ಸುಳ್ಳ." ಅಪ್ಪ ಏನು ಹೇಳಬೇಕು? ಹೌದು ಎಂದ. ನಮ್ಮ ಚಹಾ ಅವನಿಗೆ ಗುಣವನ್ನೂ ಕೊಟ್ಟಿತು, ಗುಳಿಗಿ ಬೇಡವೆಂಬುದಕ್ಕೆ ಪುರಾವೆಯನ್ನೂ ಕೊಟ್ಟಿತು.

ಮಾರ್ಚಿನಲ್ಲಿ ಒಂದು ದಿನ ನಾನು ಪರೀಕ್ಷೆ ಮುಗಿಸಿ ಬಂದೆ. ಮನೆ ಸುಮ್ಮನಿತ್ತು. ಕಾಕಾ ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದ. ಮುಂದೆ ಹಿಟ್ಟಿನ ಡಬ್ಬಿ, ಬಾಟಲಿ, ಕೊಳವೆ, ಒಂದರ ಪಕ್ಕಕ್ಕೆ ಒಂದು, ಕೀರ್ದಿಯಲ್ಲಿ ಬರೆದ ಹಾಗೆ ಸಾಲಾಗಿ. ಆಯಿಗೆ ರೊಟ್ಟಿ ಬಡಿದುಕೊಡೋಣವೆಂದು ಹಿಟ್ಟು ತೆಗೆಯಲು ಹೋಗಿದ್ದನಂತೆ. ಕೂಗಾಡುತ್ತಾನೆ ಎಂದುಕೊಂಡೆ. ಕೂಗಲಿಲ್ಲ. ಬಹಳ ಸಾವಕಾಶ ಹೇಳಿದ: "ಐದ ವರ್ಷದಿಂದ ಹೇಳಾಕತ್ತೀನಿ, ನನ್ನ ಊಟದಾಗ ಏನೋ ಹಾಕ್ತಾರ ಅಂತ. ನೀವೆಲ್ಲಾ ಅದಕ್ಕ ಹುಚ್ಚು ಅಂದ್ರಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅಂದಿನಿಂದ ಕಾಕಾ ಮನೆಯಲ್ಲಿ ಬೇಯಿಸಿದ್ದನ್ನು ಬಿಟ್ಟ. ಸಿಪ್ಪೆ ಇದ್ದದ್ದನ್ನು ಮಾತ್ರ ತಿನ್ನುತ್ತಿದ್ದ: ಬಾಳೆಹಣ್ಣು, ಸುಲಿಯದ ಶೇಂಗಾ, ತಾನೇ ಒಡೆದ ತೆಂಗಿನಕಾಯಿ. ನೀರು ಓಣಿಯ ನಳದಿಂದ ತಾನೇ ಹಿಡಿದದ್ದು. ನನ್ನ ಕಡೆ ಮುಖ ತಿರುಗಿಸಿ ನೋಡುತ್ತಿರಲಿಲ್ಲ. ಏಪ್ರಿಲ್, ಮೇ. ಬಿಸಿಲು ನಿಮಗೆ ಗೊತ್ತಿದ್ದದ್ದೇ. ಅಂಗಿಯೊಳಗೆ ಅವನು ಸಣ್ಣಗಾಗುತ್ತ ಹೋದ. ಮೇ ತಿಂಗಳ ಒಂದು ರಾತ್ರಿ ತಡೆಯಲಾರದೆ ಮಾಳಿಗೆಯ 

ಮೇಲೆ ಹೋಗಿ 14416ಕ್ಕೆ ಫೋನ್ ಮಾಡಿದೆ. 2022ರ ಅಕ್ಟೋಬರ್ 10ರಿಂದ ಸರಕಾರ ನಡೆಸುವ ಟೆಲಿ ಮಾನಸ್ ಎಂಬ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಮರಾಠಿಯಲ್ಲಿ ಮಾತಾಡಿದೆ. ವಿಚಿತ್ರವೆಂದರೆ, ಮರಾಠಿಯಲ್ಲಿ ಎಲ್ಲ ಹೇಳಿಬಿಟ್ಟೆ. ಕನ್ನಡದಲ್ಲಿ ಆಗಿದ್ದರೆ ಬಾಯಿ ಬರುತ್ತಿರಲಿಲ್ಲವೇನೋ. ಆ ಕಡೆಯ ಬಾಯಿಯವರು ಕೊನೆಗೆ, ಕಾಕಾನನ್ನು ಹೇಗೆ ಕರೆತರುವುದು ಎಂಬುದನ್ನು ಸದ್ಯ ಬಿಡು, ನೀವು ಮನೆಯವರು ಮೊದಲು ದವಾಖಾನೆಗೆ ಹೋಗಿ ಬನ್ನಿ ಎಂದರು.

ಹೋದೆವು, ಹಳೆಯ ಸರಕಾರಿ ದವಾಖಾನೆಗೇ. ಈಗ ಅಲ್ಲಿ ಹೊಸ ಡಾಕ್ಟರ್ ಮೇಡಮ್ ಇದ್ದರು. ನಾನು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮೊದಲು ಕೇಳಿದ್ದು, "ಚಹಾದಲ್ಲಿ ಹಾಕುತ್ತಿದ್ದೆಯಾ?" ಎಂದು. ಆ ದ್ರಾವಣವನ್ನು ನೀರಿನಲ್ಲಿ ಕೊಡಬಹುದು, ಚಹಾದೊಂದಿಗೆ ಅದು ಹೊಂದುವುದಿಲ್ಲ, ಚಹಾದಲ್ಲಿ ಬೆರೆಸಬಾರದೆಂದು ತಯಾರಿಸಿದವರ ಚೀಟಿಯಲ್ಲೇ ಇರುತ್ತದೆ ಎಂದರು. ಕದ್ದು ಮಾಡಿದ ಕೆಲಸ, ಚೀಟಿ ಓದಿದವರು ಯಾರು? ಆಮೇಲೆ ಅವರು ಹೇಳಿದ ಮಾತು: "ಈಗ ಔಷಧದ ಮಾತು ಎತ್ತಬೇಡಿ. ಹೋಗಿ ತಪ್ಪಾಯಿತು ಎಂದು ಹೇಳಿ. ಯಾಕೆ ಹಾಕಿದೆವು ಎಂದು ವಿವರಿಸಬೇಡಿ. ತಪ್ಪಾಯಿತು, ಅಷ್ಟೇ."

ಅಪ್ಪನಿಗೆ ಇದು ಹಿಡಿಸಲಿಲ್ಲ. ಅವನ ಒಳ್ಳೆಯದಕ್ಕೆ ಮಾಡಿ ತಪ್ಪಾಯಿತು ಅನ್ನುವುದೇ? ನಾನು ಒಬ್ಬನೇ ಹೋದೆ. ಕಾಕಾ ಕಟ್ಟೆಯ ಮೇಲೆ ಇದ್ದ.

"ಕಾಕಾ, ನಾನ ಹಾಕಿದೆ. ನನ್ನ ಕೈಯಿಂದ. ತಪ್ಪಾತು. ಇನ್ನ ಹಾಕೂದಿಲ್ಲ."

ಬಹಳ ಹೊತ್ತು ಸುಮ್ಮನಿದ್ದ. "ಎಷ್ಟು ತಿಂಗಳ?"

"ಒಂಬತ್ತು."

"ದಿನಾ ಎಷ್ಟು ಸಲ?"

"ಎರಡು."

"ಐದನೂರಾ ನಲವತ್ತು ಕಪ್ಪು" ಎಂದ. "ಬರದಿಟ್ಟಿಯೇನು?"

"ಇಲ್ಲ."

"ಬರದಿಡಬೇಕಿತ್ತು" ಎಂದು ಎದ್ದು ಹೋದ.

ಮರುದಿನ ಸಂಜೆ ನಾನು ಸ್ಟೋವನ್ನು ಅಂಗಳಕ್ಕೆ ತಂದೆ. ಅವನು ನೋಡುವ ಹಾಗೆ ಪಾತ್ರೆ ತೊಳೆದು, ನೀರು, ಸಕ್ಕರೆ, ಪುಡಿ, ಹಾಲು ಒಂದೊಂದೇ ಹಾಕಿ ಎರಡು ಕಪ್ಪಿಗೆ ಸೋಸಿದೆ. ಎರಡನ್ನೂ ಅವನ ಮುಂದೆ ಇಟ್ಟೆ, ಬೇಕಾದದ್ದು ತಗೊ ಎಂದೆ. ಅವನು ಮುಟ್ಟಲಿಲ್ಲ. ಎರಡನ್ನೂ ನಾನೇ ಕುಡಿದೆ. ಹೀಗೆ ಹತ್ತೊಂಬತ್ತು ದಿನ. ಓಣಿಯ ಹುಡುಗರು, "ಇಂವಗೂ ಹತ್ತಿತು" ಎಂದು ನಕ್ಕರು. ಈ ಸಲ ಬರೆದಿಟ್ಟಿದ್ದೇನೆ, ಆದ್ದರಿಂದ ಅಂಕಿ ಖರೇ. ಇಪ್ಪತ್ತನೆಯ ದಿನ ಕಾಕಾ ಎರಡೂ ಕಪ್ಪು ತೆಗೆದು, ಇದರದು ಅದಕ್ಕೆ, ಅದರದು ಇದಕ್ಕೆ ಸುರುವಿ ಬೆರೆಸಿ, ಒಂದನ್ನು ನನಗೆ ಕೊಟ್ಟು, ನಾನು ಕುಡಿದ ಮೇಲೆ ತಾನು ಕುಡಿದ.

ಇಷ್ಟರಿಂದ ರೋಗ ವಾಸಿಯಾಯಿತು ಎಂದು ಯಾರೂ ತಿಳಿಯಬೇಡಿ. ಆಗಸ್ಟಿನಲ್ಲಿ ಅವನು ಮೂರು ರಾತ್ರಿ ನಿದ್ದೆ ಇಲ್ಲದೆ, ಹೋಟಗಿಯ ಕಡೆ ರೈಲು ಹಳಿ ಹಿಡಿದು ನಡೆದು ಹೋಗುತ್ತಿದ್ದಾಗ ಗ್ಯಾಂಗ್‌ಮನ್‌ಗಳು ತಂದು ಬಿಟ್ಟರು. ಸೇರಿಸಬೇಕಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ, 2018ರ ಮೇ 29ರಿಂದ ಜಾರಿಯಲ್ಲಿದೆ. ರೋಗಿ ತಾನಾಗಿ ನಿರ್ಧಾರ ಮಾಡಲಾರದ ಸ್ಥಿತಿಯಲ್ಲಿದ್ದು ಅಪಾಯವೂ ಇದ್ದರೆ, ಅವನ ಪ್ರತಿನಿಧಿಯ ಅರ್ಜಿಯ ಮೇಲೆ ಮೂವತ್ತು ದಿನದವರೆಗೆ ಸೇರಿಸಿಕೊಳ್ಳಬಹುದು, ಸರಪಳಿ ಹಾಕುವಂತಿಲ್ಲ. ಅಪ್ಪ ಸಹಿ ಹಾಕಿದ. ಈ ಸಲ ಎಲ್ಲ ಕಾಕಾನ ಎದುರಿಗೇ, ಅವನಿಗೆ ಓದಿ ಹೇಳಿ. ಅವನು ಒಪ್ಪಲಿಲ್ಲ. ಆದರೆ ಕದ್ದು ಮಾಡಿದರು ಎಂದು ಅನ್ನಲಿಲ್ಲ.

ಇಪ್ಪತ್ತೆರಡು ದಿನ ಇದ್ದ. ಮೇಡಮ್ ಅವನ ಸಂಗಡ ರೋಗದ ವಾದ ಮಾಡಲೇ ಇಲ್ಲ. ಅಮೇರಿಕದ ಮನಶ್ಶಾಸ್ತ್ರಜ್ಞ ಝೇವಿಯರ್ ಅಮಡೋರ್ ಎಂಬವನ ಅಣ್ಣನಿಗೂ ಇದೇ ರೋಗ ಇತ್ತು. ಅಣ್ಣನ ಸಂಗಡ ವರ್ಷಗಟ್ಟಲೆ ಜಗಳಾಡಿ ಸೋತು, 2000ದಲ್ಲಿ ಒಂದು ಪುಸ್ತಕ ಬರೆದ. ಅದರ ಸಾರ: ನಿನಗೆ ರೋಗ ಇದೆ ಎಂದು ಗೆಲ್ಲಲು ಹೋಗಬೇಡ, ಕೇಳು, ಇಬ್ಬರೂ ಒಪ್ಪುವ ಒಂದು ಸಣ್ಣ ಜಾಗ ಹುಡುಕು. ನಮ್ಮ ಕಾಕಾನಿಗೂ ಮೇಡಮ್‌ಗೂ ಒಪ್ಪಿಗೆಯಾದದ್ದು ಎರಡು ಮಾತಿನಲ್ಲಿ. ನಿದ್ದೆ ಬೇಕು. ಕೈ ನಡುಗಬಾರದು. ಗುಳಿಗಿಯ ಬದಲು ಹದಿನೈದು ದಿನಕ್ಕೊಮ್ಮೆ ಸೂಜಿ. ಔಷಧ ಮೈಯಲ್ಲಿ ಸಾವಕಾಶ ಇಳಿಯುತ್ತದೆ. ಕಾಕಾ ಅದಕ್ಕೆ 'ನಿದ್ದಿ ಸೂಜಿ' ಎನ್ನುತ್ತಾನೆ, ನಾವೂ ಹಾಗೇ ಅನ್ನುತ್ತೇವೆ. ಹೋಗುವಾಗ ಪ್ರತಿ ಸಲ ಒಂದು ಹಾಳೆಯಲ್ಲಿ ಒಂದರಿಂದ ನೂರರವರೆಗೆ ಅಂಕಿ ಬರೆದು ಒಯ್ಯುತ್ತಾನೆ. ಮೇಡಮ್ ಮೊದಲು ಹಾಳೆ ನೋಡಿ, ಆಮೇಲೆ ಅಳತೆ ಹೆಚ್ಚು-ಕಡಿಮೆ ಮಾಡುತ್ತಾರೆ. ಏಳು ಏಳಾಗಿಯೇ ಇದೆ, ಹೆಚ್ಚು ಕಡಿಮೆ.

ಒಂದು ಸಂಜೆ ಅವನು, ನಾನು, ಅವ್ವ ಕೂಡಿ 'ದೇವರಾಯಿ' ಎಂಬ ಮರಾಠಿ ಸಿನೆಮಾ ನೋಡಿದೆವು. 2004ರದು, ಸುಮಿತ್ರಾ ಭಾವೆ ಮತ್ತು ಸುನೀಲ ಸುಕಥನಕರ ಮಾಡಿದ್ದು; ರೋಗಿಯ ಪಾತ್ರ ಅತುಲ್ ಕುಲಕರ್ಣಿಯದು. ಕೊನೆಯವರೆಗೆ ನೋಡಿ ಕಾಕಾ, "ಅವನ ತಂಗಿ ಚಲೋ ಇದ್ದಾಳ. ಅವಗ ಖರೇನ ಜಡ್ಡು ಅದ, ಪಾಪ" ಎಂದ.

ಈಗ ಹೇಗಿದ್ದಾನೆ ಎಂದರೆ, ಹೀಗೇ. ಒಂದು ಕಿರಾಣಿ ಅಂಗಡಿಯ ಲೆಕ್ಕ ಮನೆಗೆ ತಂದು ಬರೆಯುತ್ತಾನೆ. ಗೋಡೆಯ ಆ ಕಡೆಯವರು ಪೂರ್ತಿ ಹೋಗಿಲ್ಲ. "ಸಣ್ಣಗ ಮಾತಾಡ್ತಾರ, ಮಾತಾಡ್ಲಿ" ಎನ್ನುತ್ತಾನೆ. ಎರಡು ಸಲ ಸೂಜಿ ತಪ್ಪಿಸಿದ. ಆಗ ಅಪ್ಪ ಬಾಯಿ ತೆರೆಯದಂತೆ ಅವ್ವ ನೋಡಿಕೊಂಡಳು. ಒಂದು ಸಲ ತಾನೇ ಹೋದ. ಇನ್ನೊಂದು ಸಲ ಹೋಗಲಿಲ್ಲ, ಆ ತಿಂಗಳು ಕಷ್ಟವೇ ಆಯಿತು. ನನ್ನ ಮೇಲೆ ಮೊದಲಿನ ನಂಬಿಕೆ ಇದೆಯೇ ಎಂದು ಕೇಳಿದರೆ, ಇಲ್ಲ. ಚಹಾವನ್ನು ಈಗಲೂ ಬೆರೆಸಿಯೇ ಕುಡಿಯುತ್ತಾನೆ.

ಆ ಕಾಯ್ದೆಯಲ್ಲಿ ಇನ್ನೊಂದು ಸವಲತ್ತು ಇದೆ. ಮನುಷ್ಯ ನೆಟ್ಟಗಿದ್ದಾಗ, ಮುಂದೆ ತನಗೆ ಹಾಗಾದರೆ ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು ಎಂದು ಮೊದಲೇ ಬರೆದಿಡಬಹುದು. ಅದಕ್ಕೆ ಸರಕಾರದ ನಮೂನೆ ಬೇರೆ ಇದೆ, ನಾನು ತಂದು ಕೊಟ್ಟೆ. ಕಾಕಾ ನಮೂನೆಯನ್ನು ಬದಿಗಿಟ್ಟು, ವಹಿಯ ಹಾಳೆಯ ಮೇಲೆ, ಮೇಲೆ ಶ್ರೀಕಾರ ಹಾಕಿ, ಕನ್ನಡದಲ್ಲಿ ಬರೆದ. ಅವನ ಅಪ್ಪಣೆಯ ಮೇಲೆ ಕೆಳಗೆ ಕೊಡುತ್ತೇನೆ:

"ನನಗೆ ಜಡ್ಡು ಇಲ್ಲ. ಮೂರು ರಾತ್ರಿ ನಿದ್ದಿ ಬರದಿದ್ದರೆ ಸೂಜಿ ಹಾಕಿಸಬೇಕು. ಅಣ್ಣ ಹಿಡಿಯಬಾರದು. ವೈನಿ ಸಂಗಡ ಬರಬೇಕು. ಕೈ ನಡುಗಿದರೆ ಮೇಡಮ್‌ಗೆ ಹೇಳಬೇಕು. ನನ್ನ ಚಹಾದಲ್ಲಿ ಯಾರೂ ಏನೂ ಹಾಕಬಾರದು. ಹಾಕಬೇಕಾದರೆ ನನ್ನ ಮುಂದೆ ಹಾಕಬೇಕು, ಬರೆದಿಡಬೇಕು."

ಕೆಳಗೆ ಎಡಕ್ಕೆ ಅವನ ಸಹಿ. ಬಲಕ್ಕೆ ಸಾಕ್ಷಿ ಎಂದು ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದ. ನಾನು ಸಹಿ ಹಾಕಿದೆ. ಮಸಿ ಒಣಗುವ ತನಕ ಇಬ್ಬರೂ ನೋಡುತ್ತ ಕೂತೆವು. ಬರುವ ಸೋಮವಾರ ಸೂಜಿಯ ದಿನ. ಅಂಕಿಯ ಹಾಳೆ ಇನ್ನೂ ಬರೆದಿಲ್ಲ.